ಒಂದು ಕುಟುಂಬವನ್ನೂ ಹೊರಗೆ ಕಳಿಸದೆ ಹಳೇ ವಸತಿ ಕಟ್ಟಡ ರಿಪೇರಿ ಮಾಡಿದ್ದು: ನನ್ನ ಅನುಭವ

'ಎಲ್ಲರನ್ನೂ ಖಾಲಿ ಮಾಡಿಸದೆ ಇದು ಆಗೋ ಕೆಲಸ ಅಲ್ಲ' ಎಂದವರು ಒಬ್ಬಿಬ್ಬರಲ್ಲ. ಕಳೆದ ತಿಂಗಳು ಕೊನೆಯ ಮೂರು ಮನೆಗಳ ಬೀಗದ ಕೈ ಕೊಟ್ಟೆ. 44 ಕುಟುಂಬಗಳಲ್ಲಿ ಒಂದೂ ಕಟ್ಟಡ ಬಿಟ್ಟು ಹೋಗಲಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೂರು ಅಂತಸ್ತಿನ ಸರ್ಕಾರಿ ಬಾಡಿಗೆ ಮನೆಗಳು. ವಯಸ್ಸು 80ರ ಮೇಲೆ. ಸುಣ್ಣದ ಗಾರೆಯ ಇಟ್ಟಿಗೆ ಗೋಡೆ, ಕಬ್ಬಿಣದ ತೊಲೆ. ಪಾರಂಪರಿಕ ಕಟ್ಟಡ ಆದ್ದರಿಂದ ಮುಂಭಾಗ ಬದಲಿಸುವಂತಿಲ್ಲ. ಒಟ್ಟು 48 ಮನೆ, ನಾಲ್ಕು ಖಾಲಿ.

ಎಲ್ಲರಿಗೂ ಬೇರೆ ಕಡೆ ಬಾಡಿಗೆ ಕೊಡುವುದಾದರೆ ಅಂದಾಜು ವೆಚ್ಚದ ಕಾಲು ಭಾಗ ಅಲ್ಲೇ ಮುಗಿಯುತ್ತಿತ್ತು. ಜೊತೆಗೆ ಒಮ್ಮೆ ಹೋದವರಲ್ಲಿ ಎಷ್ಟು ಜನ ವಾಪಸ್ ಬರುತ್ತಾರೆ ಅಂತ ಈ ಕೆಲಸ ಮಾಡಿದವರಿಗೆಲ್ಲ ಗೊತ್ತು. ಫ್ರಾನ್ಸಿನ ಬೋರ್ಡೋದಲ್ಲಿ ವಾಸ್ತುಶಿಲ್ಪಿಗಳಾದ ಲಕಾಟಾನ್, ವಸ್ಸಾಲ್ ಮತ್ತು ಜೊತೆಗಾರರು 530 ಮನೆಗಳನ್ನು ಜನ ಒಳಗಿದ್ದಾಗಲೇ ದೊಡ್ಡದು ಮಾಡಿದ್ದಾರಲ್ಲ ಎಂದು ನಾನು ವಾದಿಸುತ್ತಿದ್ದೆ. ಆದರೆ ಅಲ್ಲಿ ಹೊಸ ಭಾಗವನ್ನು ಹೊರಗಿನಿಂದ ತಂದು ಜೋಡಿಸಿದರು. ನನ್ನ ತೊಂದರೆ ಇದ್ದದ್ದು ಅಡುಗೆಮನೆಯ ಗೋಡೆಯೊಳಗೆ.

ಅಡುಗೆಮನೆಗಳು ಒಂದರ ಮೇಲೊಂದು. ಪೈಪು ಮೇಲಿಂದ ಕೆಳಗೆ ನೇರ ಇಳಿಯುತ್ತದೆ. ಹಾಗಾಗಿ ಅಂತಸ್ತಿನ ಲೆಕ್ಕ ಬಿಟ್ಟೆ, ಮೇಲಿಂದ ಕೆಳಗಿನ ಮೂರು ಮನೆಗೆ ಒಂದು 'ಸಾಲು' ಎಂದು ಹಿಡಿದೆ. ಒಟ್ಟು 16 ಸಾಲು. ಖಾಲಿ ಮನೆಗಳನ್ನು ಮೊದಲು ವಾಸಕ್ಕೆ ತಕ್ಕಂತೆ ಮಾಡಿ, ಒಂದೊಂದು ಸಾಲಿನವರನ್ನು ಸರದಿಯ ಮೇಲೆ ಅಲ್ಲಿಗೆ ಕಳಿಸಿದೆ. ನಾಲ್ಕನೇ ಮನೆಯನ್ನು ಸಾಮಾನಿಡಲು ಇಟ್ಟುಕೊಂಡಿದ್ದೆ. ತಪ್ಪು. ರಾತ್ರಿ ಪಾಳಿ ಮುಗಿಸಿ ಬಂದವರು ಡ್ರಿಲ್ಲಿಂಗ್ ಸದ್ದಲ್ಲಿ ಎಲ್ಲಿ ಮಲಗಬೇಕು? ಎರಡನೇ ವಾರವೇ ಸಾಮಾನು ಅಂಗಳಕ್ಕೆ ಹಾಕಿ, ಅದನ್ನು ಹಗಲು ಮಲಗುವ ಮನೆ ಮಾಡಿದೆ.

ಮೊದಲ ಸಾಲಿಗೆ ನಾಲ್ಕು ವಾರ ಎಂದಿದ್ದೆ, ಹಿಡಿದದ್ದು 11. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ವಾಲ್ವ್ ತುಕ್ಕು ಹಿಡಿದು ತಿರುಗಲೇ ಇಲ್ಲ. ಒಂದು ಜಾಯಿಂಟ್ ಬಿಚ್ಚಿದರೆ ಇಡೀ ಕಟ್ಟಡಕ್ಕೆ ನೀರು ಬಂದ್. ಎರಡು ದಿನ ನಲ್ಲಿ ಒಣಗಿತ್ತು, ಮೂರನೇ ದಿನ ಜನ ನನ್ನನ್ನು ಮೆಟ್ಟಿಲ ಮೇಲೇ ಹಿಡಿದು ನಿಲ್ಲಿಸಿದರು. ಬೈಸಿಕೊಂಡೆ, ನ್ಯಾಯವೇ. ಆಮೇಲೆ ಹಿಂಗೋಡೆಯ ಹೊರಗೆ ತಾತ್ಕಾಲಿಕ ಪೈಪ್ ಎಳೆದು, ಸಾಲಿಗೊಂದು ವಾಲ್ವ್ ಕೂರಿಸಿದೆ. ಒಟ್ಟು ಖರ್ಚಿನಲ್ಲಿ ಅದು ಶೇಕಡ 2-3 ಇರಬಹುದು. ಮೊದಲೇ ಮಾಡಬೇಕಿತ್ತು. ಕೊನೆಯ ಸಾಲುಗಳು 24-25 ದಿನಕ್ಕೆ ಮುಗಿದವು.

ವೈರಿಂಗ್ ಬಗ್ಗೆ ಹೇಳುವಂಥದ್ದೇನಿಲ್ಲ. ಎಲ್ಲ ಕಿತ್ತು ಹೊಸದು ಹಾಕಿದೆವು.

ಗೋಡೆ ಮಾತ್ರ ನನ್ನನ್ನು ಅಳಿಸಿತು. ಅವಸರಕ್ಕೆ ಬಿದ್ದು ಮೊದಲ ಸಾಲಿನ ಕೆಳಮನೆಗೆ ವಾಟರ್‌ಪ್ರೂಫ್ ಪುಡಿ ಬೆರೆಸಿದ ಸಿಮೆಂಟ್ ಪ್ಲಾಸ್ಟರ್ ಹಾಕಿಸಿದೆ. ಐದೇ ತಿಂಗಳು. ಆರಿಹೋಗಲು ದಾರಿ ಇಲ್ಲದ ತೇವ ಪ್ಲಾಸ್ಟರಿಗಿಂತ ಒಂದಡಿ ಮೇಲೆ ಹತ್ತಿ, ಅಲ್ಲಿ ಉಪ್ಪು ಕಕ್ಕಿತು. ಕೀಳಲು ಹೋದರೆ ಇಟ್ಟಿಗೆಯ ಮುಖವೂ ಜೊತೆಗೇ ಬಂತು. ಆಕಸ್ಮಿಕ ಖರ್ಚಿಗೆಂದು ಇಟ್ಟಿದ್ದ ಶೇಕಡ 10ರಲ್ಲಿ ಮುಕ್ಕಾಲು ಪಾಲು ಇಲ್ಲಿಗೇ ಹೋಯಿತು.

ಮತ್ತೆ ಸುಣ್ಣಕ್ಕೇ ಬಂದೆ. ಒಂದಕ್ಕೆ ಮೂರು ಮರಳು, ಒಂದೊಂದು ಸೆಂಟಿಮೀಟರಿನ ಎರಡು ಕೋಟ್. ಮೇಸ್ತ್ರಿ ಮುಖ ಸಿಂಡರಿಸಿದ. ಒಂದು ಮೂಲೆ ಕೆತ್ತಿ ಫಿನಾಲ್ಫ್‌ಥಲೀನ್ (ಗಟ್ಟಿಯಾಗದ ಸುಣ್ಣಕ್ಕೆ ತಾಗಿದರೆ ಗುಲಾಬಿಯಾಗುವ ದ್ರಾವಣ) ಹಚ್ಚಿ ತೋರಿಸಿದೆ. ಒಳಗೆ ಗುಲಾಬಿ, ಎಂದರೆ ಇನ್ನೂ ಹಸಿ. ಮೇಲೆ ಬಣ್ಣ ಬರದ ಪದರ ಎರಡು ಮಿಲಿಮೀಟರ್ ಕೂಡ ಇರಲಿಲ್ಲ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಗಟ್ಟಿಯಾಗುತ್ತದೆ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಗೋಡೆಗೆ ಹೊದಿಸಿದ ಒದ್ದೆ ಗೋಣಿತಾಟು ಒಣಗದಂತೆ ಮೇಸ್ತ್ರಿಯೇ ಕಾದ. ಎರಡನೇ ಕೋಟಿನ ಮರಳಿಗೆ ಏನು ಸೇರಿಸಿದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ. ಹೊಳೆಯುವ ಪೇಂಟ್ ಬೇಕೆಂದು ಹಟ ಹಿಡಿದವರಿಗೆ ಬಾಗಿಲಿಗೆ ಹೊಡೆಸಿಕೊಟ್ಟೆ. ಗೋಡೆಗೆ ಸುಣ್ಣವೇ.

ನಡುವೆ ಸುಮ್ನೆ ಒಂದು ಪ್ರಯೋಗ. ಎರಡು ಮನೆಯ ಕಿಟಕಿಗಳಿಗೆ ರಬ್ಬರ್ ಪಟ್ಟಿ ಹಾಕಿ ಗಾಳಿ ನುಸುಳದಂತೆ ಮುಚ್ಚಿದೆ. ಬೆಚ್ಚಗಾಯಿತು, ಆರು ವಾರಕ್ಕೆ ಬೀರುವಿನ ಹಿಂದೆ ಬೂಷ್ಟೂ ಬಂತು. ಒಳಗಿನ ಗಾಳಿಯ ತೇವಾಂಶ ಶೇಕಡ 80 ದಾಟಿತ್ತು. ಹುಡುಕಿದರೆ, ಸೂರಿನ ಹತ್ತಿರದ ಹಳೇ ಗಾಳಿಕಿಂಡಿಗಳಿಗೆ ಯಾರೋ ಯಾವಾಗಲೋ ಪೇಪರ್ ತುರುಕಿದ್ದರು. ಅದನ್ನು ತೆಗೆದು, ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದ ಮೇಲೆ 60ರ ಆಸುಪಾಸಿಗೆ ಇಳಿಯಿತು. ಕಟ್ಟಿದವರು ದಡ್ಡರಲ್ಲ, ಅಲ್ವಾ?

ಕೊನೆಗೆ ಖರ್ಚು ಅಂದಾಜಿಗಿಂತ ಶೇಕಡ 7-8 ಜಾಸ್ತಿ. ಎಲ್ಲರನ್ನೂ ಹೊರಗೆ ಕಳಿಸಿದ್ದರೆ ಆಗುತ್ತಿದ್ದ ಲೆಕ್ಕಕ್ಕಿಂತ ಕಡಿಮೆಯೇ. ಮೆಟ್ಟಿಲ ಕೆಳಗಿನ ಎರಡು ತೊಲೆ ಇನ್ನೂ ಬಾಕಿ ಇವೆ. ತುಕ್ಕು ಉಬ್ಬಿ ಮೇಲಿನ ಇಟ್ಟಿಗೆಯನ್ನು ಎತ್ತಿದೆ. ಇರುವುದು ಒಂದೇ ಮೆಟ್ಟಿಲು, 44 ಕುಟುಂಬ ದಿನಾ ಅದರ ಮೇಲೇ ಓಡಾಡಬೇಕು. ಅರ್ಧ ಅಗಲ ಬಿಟ್ಟು ಅರ್ಧ ಕೆಲಸ ಮಾಡಲು ಮುಂದಿನ ವಾರ ಜಾಕಿ ಕೊಡುತ್ತಿದ್ದೇನೆ. ಇದೂ ಆಗಲ್ಲ ಅಂತಲೇ ಹೇಳುತ್ತಿದ್ದಾರೆ.