ಬ್ರಿಟನ್ನಿನ ಪೊಲೀಸ್ ನೇಮಕಾತಿಗೆ ನಾಡಕಚೇರಿಯ ಪ್ರಮಾಣಪತ್ರ ಬೇಕಿಲ್ಲ

ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುವ ಯುವಕ ಯುವತಿಯರು ಈಚೆಗೆ ಕಾಣಿಸತೊಡಗಿದ್ದಾರೆ. 1993ರಲ್ಲಿ ಲಂಡನ್ನಿನಲ್ಲಿ ಕೊಲೆಯಾದ ಕಪ್ಪು ಯುವಕ ಸ್ಟೀಫನ್ ಲಾರೆನ್ಸ್ ಪ್ರಕರಣದ ಬಗ್ಗೆ 1999ರಲ್ಲಿ ಬಂದ ಮ್ಯಾಕ್‌ಫರ್ಸನ್ ವರದಿಯು ಅಲ್ಲಿನ ಪೊಲೀಸ್ ಇಲಾಖೆಯಲ್ಲಿ ವರ್ಣಭೇದ ಬೇರೂರಿದೆ ಎಂದು ಹೇಳಿತು. ಅಂದಿನಿಂದ ನಗರಗಳ ಪೊಲೀಸರು ಅಲ್ಪಸಂಖ್ಯಾತ ಸಮುದಾಯದವರನ್ನು ಬಹಿರಂಗವಾಗಿಯೇ ಕರೆಯುತ್ತಿದ್ದಾರೆ. ಈ ಕರೆ ಕಿವಿಗೆ ಬಿದ್ದೊಡನೆ ನಮ್ಮವರು ಇಲ್ಲಿಯೂ ಮೀಸಲಾತಿ ಇದೆ ಎಂದುಕೊಂಡುಬಿಡುತ್ತಾರೆ.

ಸಕಲೇಶಪುರದ ಕಡೆಯ ಹುಡುಗನೊಬ್ಬ ಕಾಫಿ ಕೊಯ್ಲಿನ ನಡುವೆಯೇ ತಂದೆಯನ್ನು ನಾಡಕಚೇರಿಗೆ ಅಲೆಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ತರಿಸಿಕೊಂಡಿದ್ದ. ಆ ಕಾಗದದಿಂದ ಕಳೆದುಕೊಂಡದ್ದು ಹೆಚ್ಚೇನೂ ಇಲ್ಲ. ಆದರೆ ಏಷ್ಯನ್ನರ ಕೋಟಾದಲ್ಲಿ ಸೀಟು ಕೊಡಿಸುತ್ತೇನೆ ಎಂದ ಮಧ್ಯವರ್ತಿಯೊಬ್ಬನಿಗೆ ಅವನು 600 ಪೌಂಡ್ ತೆತ್ತ. ಅಂಥ ಕೋಟಾ ಇಂಗ್ಲೆಂಡಿನಲ್ಲಿ ಇಲ್ಲವೇ ಇಲ್ಲ. ಇಡುವುದು ಕಾನೂನಿಗೇ ವಿರುದ್ಧ. 2010ರ ಸಮಾನತಾ ಕಾಯ್ದೆಯ ಪ್ರಕಾರ, ಇಬ್ಬರು ಅಭ್ಯರ್ಥಿಗಳು ಅರ್ಹತೆಯಲ್ಲಿ ನಿಜಕ್ಕೂ ಸರಿಸಮನಾಗಿದ್ದರೆ ಮಾತ್ರ, ಇಲಾಖೆಯಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಸಮುದಾಯದವರನ್ನು ಆರಿಸಿಕೊಳ್ಳಬಹುದು. ಚೆಷೈರ್ ಪೊಲೀಸರು 127 ಅಭ್ಯರ್ಥಿಗಳನ್ನು ಸಾರಾಸಗಟಾಗಿ ಸಮಾನರೆಂದು ಪರಿಗಣಿಸಿ, ಆಮೇಲೆ ಈ ನಿಯಮ ಅನ್ವಯಿಸಿದ್ದರಿಂದ, ಅವಕಾಶ ತಪ್ಪಿದ ಬಿಳಿಯ ಯುವಕನೊಬ್ಬ 2019ರಲ್ಲಿ ನ್ಯಾಯಮಂಡಳಿಯಲ್ಲಿ ಗೆದ್ದ. ಇಲಾಖೆಯೇ ಹೀಗೆ ಸೋತಿರುವಾಗ ಮಧ್ಯವರ್ತಿ ಯಾವ ಸೀಟು ಕೊಡಿಸಿಯಾನು? ಕಾನೂನು ಅನುಮತಿಸುವುದು ತರಬೇತಿ ಶಿಬಿರ, ಮಾರ್ಗದರ್ಶನ, ಸಂದರ್ಶನದ ಅಭ್ಯಾಸ ಇಂಥವನ್ನು; ಹಲವು ಪೊಲೀಸ್ ಇಲಾಖೆಗಳು ಇವನ್ನು ಉಚಿತವಾಗಿಯೇ ನಡೆಸುತ್ತವೆ. ಆ ಹುಡುಗ ಹಣ ಕೊಟ್ಟು ಪಡೆದದ್ದೂ ಇದನ್ನೇ, ಅದೂ ಅರೆಬರೆಯಾಗಿ. ಹಣ ಕೇಳುವವನು ಯಾರೇ ಆಗಲಿ, ನಮ್ಮ ಊರಿನವನೇ ಆಗಲಿ, ಬಾಗಿಲು ಹಾಕಿಕೊಳ್ಳಿ.

ಈ ವಿಷಯದಲ್ಲಿ ನನಗೆ ನಮ್ಮ ಮೀಸಲಾತಿ ಪದ್ಧತಿಯೇ ಮೇಲೆನ್ನಿಸುತ್ತದೆ. ಬೇರೆಯೇ ಕಾನೂನಿರುವ ಉತ್ತರ ಐರ್ಲೆಂಡಿನಲ್ಲಿ 2001ರಿಂದ 2011ರವರೆಗೆ ಹೊಸ ನೇಮಕಾತಿಯ ಅರ್ಧ ಭಾಗವನ್ನು ಕ್ಯಾಥೊಲಿಕ್ ಸಮುದಾಯಕ್ಕೆ ಮೀಸಲಿಟ್ಟಾಗ, ಸುಮಾರು ಶೇ. 8ರಷ್ಟಿದ್ದ ಅವರ ಪಾಲು ಶೇ. 30ರ ಹತ್ತಿರಕ್ಕೆ ಏರಿತು. ಬರೀ ಕರೆ, ಪ್ರಚಾರಗಳಿಂದ ಅಷ್ಟು ಬೇಗ ಆಗುವ ಕೆಲಸವಲ್ಲ ಇದು. ಆದರೆ ಎತ್ತರದ ವಿಷಯದಲ್ಲಿ ಬ್ರಿಟನ್ ಮುಂದಿದೆ: ನಮ್ಮಲ್ಲಿ ಪುರುಷ ಕಾನ್‌ಸ್ಟೆಬಲ್ ಆಗಲು 168 ಸೆಂಟಿಮೀಟರ್ ಬೇಕು, ಅಲ್ಲಿ ಎತ್ತರದ ಮಿತಿಯೇ ಇಲ್ಲ.

ಬ್ರಿಟಿಷ್ ಪೌರತ್ವ ಕಡ್ಡಾಯವಲ್ಲ. ಅನಿರ್ದಿಷ್ಟಾವಧಿ ವಾಸದ ಅನುಮತಿ ಸಿಕ್ಕಿದ್ದರೆ ಭಾರತದ ಪಾಸ್‌ಪೋರ್ಟಿನಲ್ಲೇ ಅರ್ಜಿ ಹಾಕಬಹುದು. ಕೆಲಸದ ವೀಸಾದಲ್ಲಿರುವವರಿಗೆ ಈ ದಾರಿಯಿಲ್ಲ.

ಎಚ್ಚರ ಬೇಕಾದದ್ದು ಹಿನ್ನೆಲೆ ತಪಾಸಣೆಯಲ್ಲಿ. ನಿಮ್ಮ ಸಾಲಗಳನ್ನಷ್ಟೇ ಅಲ್ಲ, ಕುಟುಂಬದವರ ಮೇಲಿನ ಪ್ರಕರಣಗಳನ್ನೂ ಅಲ್ಲಿ ಕೇಳುತ್ತಾರೆ. ಮೂಡಿಗೆರೆಯ ತೋಟದ ಬೇಲಿ ಜಗಳದಲ್ಲಿ ಅಣ್ಣನ ಮೇಲೆ ಎಫ್‌ಐಆರ್ ಆಗಿದ್ದರೆ, ಅದು ಇವರಿಗೆ ಹೇಗೆ ತಿಳಿದೀತು ಎಂದು ಆ ಕಲಮನ್ನು ಖಾಲಿ ಬಿಡಬೇಡಿ. ಅಣ್ಣನ ಜಗಳ ಕ್ಷಮ್ಯವಾಗಬಹುದು, ಆದರೆ ನೀವು ಮುಚ್ಚಿಟ್ಟದ್ದು ಪ್ರಾಮಾಣಿಕತೆಯ ಪ್ರಶ್ನೆಯಾಗಿ ಅರ್ಜಿಯನ್ನೇ ಕೆಡಿಸುತ್ತದೆ.

ಇನ್ನೂ ಮನಸ್ಸು ಗಟ್ಟಿಯಾಗಿಲ್ಲದವರು ಮೊದಲು ಸ್ಪೆಷಲ್ ಕಾನ್‌ಸ್ಟೆಬಲ್ ಆಗಿ ನೋಡಬಹುದು; ಸಂಬಳವಿಲ್ಲದ, ಬಿಡುವಿನ ವೇಳೆಯ ಕೆಲಸ, ಆದರೆ ಬಂಧಿಸುವ ಅಧಿಕಾರ ಸಂಬಳದ ಕಾನ್‌ಸ್ಟೆಬಲ್‌ಗೆ ಇರುವಷ್ಟೇ. ಹಿನ್ನೆಲೆ ತಪಾಸಣೆ ಅದಕ್ಕೂ ಉಂಟು.