ನೋಟಿಸು ಒಂದು, ಭಾಷೆ ಆರು: ಅಂಗಡಿಯ ಕಂಪ್ಯೂಟರಿನಲ್ಲೇ ಅನುವಾದ ಮಾಡಿಸುವ ಬಗೆ

ಲಗ್ಗೆರೆಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಪಕ್ಕದಲ್ಲೇ ಪೀಣ್ಯ. ಹಾಗಾಗಿ ಮದುವೆ ಕಾರ್ಡಿಗಿಂತ ಕಾರ್ಖಾನೆ ನೋಟಿಸುಗಳೇ ಜಾಸ್ತಿ. ಮೊದಲೆಲ್ಲ ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಹೊಡೆದುಕೊಟ್ಟರೆ ಮುಗಿಯುತ್ತಿತ್ತು. ಈಗ ಹಿಂದಿ, ತೆಲುಗು, ಒಡಿಯಾ, ಬಂಗಾಳಿ, ಅಸ್ಸಾಮಿ ಎಲ್ಲವೂ ಬೇಕು. "ಅಣ್ಣಾ, ಸಂಜೆಯೊಳಗೆ ಬೇಕು" ಅಂತ ಪೆನ್‌ಡ್ರೈವ್ ಇಟ್ಟು ಹೋಗಿಬಿಡುತ್ತಾರೆ.

ಆನ್‌ಲೈನ್‌ನಲ್ಲಿ ಅಂಟಿಸಿ ಅನುವಾದ ಮಾಡಬಹುದು, ನಿಜ. ಆದರೆ ಕೆಲವು ನೋಟಿಸಿನಲ್ಲಿ ಕೆಲಸಗಾರರ ಹೆಸರು, ಪಿಎಫ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಇರುತ್ತದೆ. ಅದನ್ನು ಯಾವುದೋ ಸರ್ವರಿಗೆ ಕಳಿಸುವುದು ನನಗೆ ಸರಿ ಕಾಣಲಿಲ್ಲ. ಆಗ ಅಕ್ಕನ ಮಗ, ಇಂಜಿನಿಯರಿಂಗ್ ಓದುವವನು, "ಮಾಮ, ನೆಟ್ ಇಲ್ಲದೇನೇ ಇದೇ ಕಂಪ್ಯೂಟರಲ್ಲಿ ಮಾಡಬಹುದು" ಅಂದ. ನನ್ನದು 8 ಜಿಬಿ ರ‍್ಯಾಮಿನ ಹಳೇ ಡೆಸ್ಕ್‌ಟಾಪ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದರಲ್ಲೇ ಆಯಿತು. ನಿಮ್ಮಲ್ಲೂ ಆಗುತ್ತದೆ.

ಮೊದಲು ಯಾವ ಮಾಡೆಲ್, ಅಂದರೆ ಅನುವಾದ ಮಾಡಲು ಕಲಿತ ಪ್ರೋಗ್ರಾಮ್, ಬೇಕು ಅಂತ ತೀರ್ಮಾನ ಮಾಡಿ. ಇಲ್ಲಿ ಎಲ್ಲರೂ ಭಾಷೆಗಳ ಸಂಖ್ಯೆ ನೋಡಿ ಮರುಳಾಗುತ್ತಾರೆ. ನಾನೂ ಆದೆ. ಎಂ2ಎಂ-100 ಅಂತ ಫೇಸ್‌ಬುಕ್‌ನವರು 2020ರಲ್ಲಿ ಬಿಟ್ಟ ಮಾಡೆಲ್ ಇದೆ. ಹೆಸರೇ ಹೇಳುವಂತೆ 100 ಭಾಷೆ. ಕನ್ನಡ ಇದೆ, ಒಡಿಯಾ ಇದೆ, ತೆಲುಗೂ ಇಲ್ಲ, ಅಸ್ಸಾಮಿಯೂ ಇಲ್ಲ! ಬೆಂಗಳೂರಿನಲ್ಲಿ ಕೂತು ತೆಲುಗಿಲ್ಲದ ಮಾಡೆಲ್ ಇಟ್ಟುಕೊಂಡು ಏನು ಮಾಡುವುದು ಹೇಳಿ. ಅದರಿಂದಲೇ ಹುಟ್ಟಿದ ಸ್ಮಾಲ್-100 ಇನ್ನೂ ಚಿಕ್ಕದು, ವೇಗವೂ ಚೆನ್ನಾಗಿದೆ. ಆದರೆ ಭಾಷೆಗಳು ಅವೇ. ಹಾಗಾಗಿ ಮೊದಲು ನಿಮಗೆ ಬೇಕಾದ ಭಾಷೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಆಮೇಲೆ ಮಾಡೆಲ್ಲಿನ ಪಟ್ಟಿಯಲ್ಲಿ ಒಂದೊಂದಾಗಿ ಹುಡುಕಿ.

ಎರಡನೆಯದು ಮೆಟಾದವರ, ಅಂದರೆ ಅದೇ ಫೇಸ್‌ಬುಕ್ ಕಂಪನಿಯವರ, ಎನ್‌ಎಲ್‌ಎಲ್‌ಬಿ-200. 2022ರದ್ದು, 200 ಭಾಷೆ. ಭೋಜಪುರಿ, ಮಗಹಿ, ಛತ್ತೀಸಗಢಿ ಕೂಡ ಇದೆ. ದೊಡ್ಡಣ್ಣನಿಗೆ 5,450 ಕೋಟಿ ಪ್ಯಾರಾಮೀಟರ್, ಅಂದರೆ ಕಲಿತದ್ದನ್ನು ಹಿಡಿದಿಡುವ ಅಂಕಿಗಳು. ನಮಗೆ ಬೇಕಾದ ಚಿಕ್ಕದಕ್ಕೆ 60 ಕೋಟಿ. ದೊಡ್ಡದು ಅನುವಾದ ಮಾಡುವುದನ್ನು ನೋಡಿ ಚಿಕ್ಕದು ಕಲಿತಿರುತ್ತದೆ. ಮೇಷ್ಟ್ರ ನೋಟ್ಸ್ ಓದಿಯೇ ಪಾಸಾದ ಹುಡುಗನ ಥರ. ನೋಟ್ಸಿನಲ್ಲಿದ್ದದ್ದನ್ನು ಚೆನ್ನಾಗಿ ಹೇಳುತ್ತಾನೆ, ಹೊರಗಿನದು ಕೇಳಿದರೆ ತಡವರಿಸುತ್ತಾನೆ. ಇನ್ನೊಂದು ಮಜಾ ಏನೆಂದರೆ, ಆ 60 ಕೋಟಿಯಲ್ಲಿ ಸುಮಾರು 26 ಕೋಟಿ ಬರೀ ಪದಕೋಶಕ್ಕೇ ಹೋಗಿದೆ. 200 ಭಾಷೆಗೆ ಸೇರಿ ಎರಡೂವರೆ ಲಕ್ಷಕ್ಕೂ ಮೇಲೆ ಪದದ ತುಣುಕುಗಳು, ಒಂದೊಂದಕ್ಕೂ 1,024 ಅಂಕಿ. ನಮಗೆ ಬೇಕಾಗಿರುವುದು ಆರು ಭಾಷೆ. ಉಳಿದ 194 ಭಾಷೆಯ ಸಾಮಾನನ್ನೂ ಸುಮ್ನೆ ಹೊತ್ತುಕೊಂಡು ತಿರುಗಬೇಕು.

ಆದರೆ ನಾನು ಅದನ್ನು ಅಂಗಡಿಯಲ್ಲಿ ಬಳಸದೇ ಇರುವುದಕ್ಕೆ ಕಾರಣ ಬೇರೆ. ಅದರ ಲೈಸೆನ್ಸಿನಲ್ಲಿ ವ್ಯಾಪಾರಕ್ಕೆ ಬಳಸುವಂತಿಲ್ಲ ಅಂತಿದೆ. ನಾನು ಪುಟಕ್ಕೆ ಇಷ್ಟು ಅಂತ ದುಡ್ಡು ತಗೊಳ್ಳುವವನು. ಮನೆ ಹತ್ತಿರದ ಗಣೇಶನ ಕಮಿಟಿ ನೋಟಿಸಿಗೆ ಬಿಟ್ಟಿಯಾಗಿ ಮಾಡಿಕೊಡುವಾಗ ಬೇಕಾದರೆ ಬಳಸುತ್ತೇನೆ. ಈ ಒಂದು ಸಾಲನ್ನು ಓದದೆ ಡೌನ್‌ಲೋಡ್ ಮಾಡಬೇಡಿ.

ಕೊನೆಗೆ ನಿಂತದ್ದು ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್‌ಟ್ರಾನ್ಸ್2. 2023ರದ್ದು. ಸಂವಿಧಾನದ ಎಂಟನೇ ಷೆಡ್ಯೂಲಿನ 22 ಭಾಷೆಗಳೂ ಇವೆ. ನೇಪಾಳಿ, ಸಂತಾಲಿ ಎರಡೂ ಸೇರಿ. ತುಳು ಇಲ್ಲ, ಅದಕ್ಕೆ ನನ್ನ ಹೆಂಡತಿಗೆ ಬೇಜಾರು. ಎಂಐಟಿ ಲೈಸೆನ್ಸ್, ಅಂದರೆ ವ್ಯಾಪಾರಕ್ಕೂ ಅಡ್ಡಿಯಿಲ್ಲ. ಇದರಲ್ಲಿ ಇಂಗ್ಲಿಷಿನಿಂದ ನಮ್ಮ ಭಾಷೆಗಳಿಗೆ ಒಂದು, ನಮ್ಮ ಭಾಷೆಗಳಿಂದ ಇಂಗ್ಲಿಷಿಗೆ ಒಂದು, ನಮ್ಮ ಭಾಷೆಗಳ ನಡುವೆ ನೇರವಾಗಿ ಇನ್ನೊಂದು ಅಂತ ಮೂರು ಇವೆ. ಮೂರನೆಯದರ ಚಿಕ್ಕ ರೂಪ ತಗೊಳ್ಳಿ, 32 ಕೋಟಿ ಪ್ಯಾರಾಮೀಟರಿನದು. ಒಂದೊಂದಕ್ಕೆ 4 ಬೈಟ್ ಅಂದರೂ ಸುಮಾರು 1.3 ಜಿಬಿ. 8 ಜಿಬಿ ಯಂತ್ರಕ್ಕೆ ಆರಾಮು. ರ‍್ಯಾಮ್ ಕಡಿಮೆ ಇದ್ದರೆ ಒಂದೊಂದು ಅಂಕಿಯನ್ನು ಒಂದು ಬೈಟಿಗೆ ಇಳಿಸುವ ದಾರಿಯೂ ಇದೆ. ಸಿಟ್ರಾನ್ಸ್‌ಲೇಟ್2 ಅನ್ನುವ ಪ್ರೋಗ್ರಾಮ್ ಎನ್‌ಎಲ್‌ಎಲ್‌ಬಿ, ಎಂ2ಎಂ ಥರದ ಮಾಡೆಲ್‌ಗಳನ್ನು ಒಂದೇ ಕಮಾಂಡಿನಲ್ಲಿ ಹಾಗೆ ಕುಗ್ಗಿಸುತ್ತದೆ. ಗಾತ್ರ ನಾಲ್ಕನೇ ಒಂದು ಭಾಗಕ್ಕೆ ಬರುತ್ತದೆ.

ಹಾಕಿಕೊಳ್ಳುವ ಕೆಲಸ ಹೆಚ್ಚೇನಿಲ್ಲ. ಪೈಥಾನ್, ಅದರ ಮೇಲೆ ಪೈಟಾರ್ಚಿನ ಸಿಪಿಯು ಆವೃತ್ತಿ, ಟ್ರಾನ್ಸ್‌ಫಾರ್ಮರ್ಸ್, ಆಮೇಲೆ ಇಂಡಿಕ್‌ಟ್ರಾನ್ಸ್ ಟೂಲ್‌ಕಿಟ್. ಮೊದಲ ಮೂರು ಮಾಡೆಲ್ಲನ್ನು ಓಡಿಸುವುದಕ್ಕೆ, ಟೂಲ್‌ಕಿಟ್ ವಾಕ್ಯವನ್ನು ಮಾಡೆಲ್ಲಿಗೆ ಒಗ್ಗುವಂತೆ ಸಿದ್ಧ ಮಾಡಿಕೊಡುವುದಕ್ಕೆ. ಮಾಡೆಲ್ಲನ್ನು ಒಮ್ಮೆ ಇಳಿಸಿಕೊಂಡ ಮೇಲೆ ನೆಟ್ ಬೇಡ. ಎಲ್ಲ ಸರಿಯಾಗಿ ಓಡಿದ ದಿನ ಒಂದೊಂದರ ಆವೃತ್ತಿ ನಂಬರನ್ನೂ ಬರೆದಿಟ್ಟುಕೊಳ್ಳಿ. ನಾನು ಬರೆದಿಡದೆ ಒಂದು ಸಲ ಅಪ್‌ಡೇಟ್ ಕೊಟ್ಟೆ, ಮಾಡೆಲ್ ಎದ್ದೇಳಲೇ ಇಲ್ಲ. ಹುಡುಗನಿಗೆ ಪರೀಕ್ಷೆ ಬೇರೆ. ಒಂದು ವಾರ ಕೈಕಟ್ಟಿ ಕೂತೆ.

ಈಗ ಡಿಟಿಪಿಯವರಿಗೆ ಮಾತ್ರ ಬರುವ ಒಂದು ತಾಪತ್ರಯ. ನಮ್ಮ ಹಳೇ ಫೈಲುಗಳೆಲ್ಲ ಪೇಜ್‌ಮೇಕರಿನಲ್ಲಿ, ನುಡಿ ಫಾಂಟಿನಲ್ಲಿ ಇರುತ್ತವೆ ಅಲ್ವಾ? ಅದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅದನ್ನೇ ಮಾಡೆಲ್ಲಿಗೆ ಕೊಟ್ಟರೆ ಏನೇನೋ ಬಡಬಡಿಸುತ್ತದೆ. ಮೊದಲು ಕನ್ವರ್ಟರಿನಲ್ಲಿ ಯೂನಿಕೋಡಿಗೆ ಬದಲಾಯಿಸಿ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಕಣ್ಣಾಡಿಸಿ. ಅಲ್ಲಿ ಕೆಟ್ಟಿದ್ದರೆ ಮುಂದೆಲ್ಲ ಕೆಡುತ್ತದೆ.

ಪ್ರತಿ ವಾಕ್ಯದ ಮುಂದೆ ಎರಡು ಗುರುತು ಹೋಗಬೇಕು, ಯಾವ ಭಾಷೆಯಿಂದ, ಯಾವ ಭಾಷೆಗೆ ಅಂತ. ಭಾಷೆಗೆ ಮೂರು ಇಂಗ್ಲಿಷ್ ಅಕ್ಷರ, ಅಡಿಗೆರೆ, ಲಿಪಿಗೆ ನಾಲ್ಕು ಅಕ್ಷರ. ಟೂಲ್‌ಕಿಟ್ಟಿಗೆ ಹೇಳಿದರೆ ಅದೇ ಸೇರಿಸುತ್ತದೆ. ಬಂಗಾಳಿ, ಅಸ್ಸಾಮಿ ಎರಡಕ್ಕೂ ಲಿಪಿಯ ನಾಲ್ಕಕ್ಷರ ಒಂದೇ, ಭಾಷೆಯ ಮೂರಕ್ಷರ ಮಾತ್ರ ಬೇರೆ. ಅವಸರದಲ್ಲಿ ಅದಲುಬದಲಾದರೆ ಓದಲು ಬಾರದ ನಮಗೆ ಗೊತ್ತೇ ಆಗುವುದಿಲ್ಲ. ನಾನು ಒಂದು ಅಡ್ಡದಾರಿ ಕಂಡುಕೊಂಡಿದ್ದೇನೆ. 'ರ' ಅಕ್ಷರ ನೋಡಿ. ಕೆಳಗೆ ಚುಕ್ಕೆ ಇದ್ದರೆ ಬಂಗಾಳಿ, ಒಳಗೆ ಓರೆಗೆರೆ ಇದ್ದರೆ ಅಸ್ಸಾಮಿ.

ಟೂಲ್‌ಕಿಟ್ಟಿನ ಯಾವ ಹೆಜ್ಜೆಯನ್ನೂ ಬಿಟ್ಟು ಓಡಿಸಲು ಹೋಗಬೇಡಿ. ನಾನು ಮೊದಲ ದಿನ ಹೋದೆ. ಕನ್ನಡದಿಂದ ಒಡಿಯಾಕ್ಕೆ ಕೇಳಿದರೆ ಪೂರ್ತಿ ದೇವನಾಗರಿಯಲ್ಲಿ ಬಂತು. ಮಾಡೆಲ್ ಕೆಟ್ಟಿದೆ ಅಂದುಕೊಂಡೆ. ಎದುರಿನ ಗೋದಾಮಿನ ವಾಚ್‌ಮ್ಯಾನ್ ಬ್ರಹ್ಮಪುರದ ಕಡೆಯವನು, ಹಿಂದಿಯನ್ನೂ ಓದುತ್ತಾನೆ. ಅವನಿಗೆ ತೋರಿಸಿದೆ. ಗಟ್ಟಿಯಾಗಿ ಓದಿ ನಕ್ಕ. "ಅಣ್ಣಾ, ಯೇ ತೋ ಒಡಿಯಾ ಹೈ, ಲಿಖಾವಟ್ ಹಿಂದಿ ಹೈ" ಅಂದ. ವಿಷಯ ಇಷ್ಟೇ: ಕನ್ನಡ, ತೆಲುಗು, ಒಡಿಯಾ, ಬಂಗಾಳಿ ಎಲ್ಲವನ್ನೂ ಟೂಲ್‌ಕಿಟ್ ಮೊದಲೇ ದೇವನಾಗರಿಗೆ ತಿರುಗಿಸಿ ಕೊಡುತ್ತದೆ, ಮಾಡೆಲ್ ಅದರಲ್ಲೇ ಕೆಲಸ ಮಾಡುತ್ತದೆ. ಆಗ ಬೇರೆ ಬೇರೆ ಭಾಷೆಗಳಲ್ಲಿರುವ ಒಂದೇ ಪದ ಅದಕ್ಕೆ ಒಂದೇ ಥರ ಕಾಣುತ್ತದೆ, ಪದಕೋಶವೂ ಚಿಕ್ಕದಾಗುತ್ತದೆ. ಕೊನೆಯಲ್ಲಿ ವಾಪಸ್ ಒಡಿಯಾ ಲಿಪಿಗೆ ತರುವುದೂ ಟೂಲ್‌ಕಿಟ್ಟಿನ ಕೆಲಸ. ನಾನು ಆ ಹೆಜ್ಜೆಯನ್ನೇ ಬಿಟ್ಟಿದ್ದೆ.

ಇಷ್ಟಾದ ಮೇಲೆ ನಿಜವಾದ ಕೆಲಸ ಶುರು. ನನ್ನ ಅನುಭವದಲ್ಲಿ ಚಿಕ್ಕ ಮಾಡೆಲ್ಲಿನ ತಪ್ಪುಗಳಲ್ಲಿ ಬಹುಪಾಲು ನಾವು ಬರೆದ ಕನ್ನಡದಿಂದಲೇ ಬರುತ್ತವೆ. ಒಂದು ಕಾರ್ಖಾನೆಯಿಂದ ಬಂದ ನೋಟಿಸು ನೋಡಿ:

"ಎಲ್ಲಾ ಕಾರ್ಮಿಕ ಬಾಂಧವರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಯಂತ್ರಗಳ ದುರಸ್ತಿ ಇರುವುದರಿಂದ 14ರಂದು ಮೊದಲ ಪಾಳಿ ಇರುವುದಿಲ್ಲವಾದ್ದರಿಂದ ಎಲ್ಲರೂ ಎರಡನೇ ಪಾಳಿಗೆ ಹಾಜರಾಗತಕ್ಕದ್ದು, ತಪ್ಪಿದಲ್ಲಿ ವೇತನ ಕಡಿತಗೊಳಿಸಲಾಗುವುದು."

ಇದರ ಹಿಂದಿಯಲ್ಲಿ 'ಇರುವುದಿಲ್ಲವಾದ್ದರಿಂದ' ಒಳಗಿನ 'ಇಲ್ಲ' ಮಾಯವಾಗಿತ್ತು. ಮೊದಲ ಪಾಳಿ ಇದೆ ಅಂತಲೇ ಅರ್ಥ ಬರುತ್ತಿತ್ತು. ನಮ್ಮ ಕನ್ನಡ ಪದಕ್ಕೆ ಪದ ಅಂಟಿಸಿಕೊಂಡು ಹೋಗುತ್ತದೆ. ಮಾಡೆಲ್ ಅದನ್ನು ತುಣುಕು ಮಾಡಿ ಓದುವಾಗ ಮಧ್ಯದ ತುಣುಕು ಜಾರುತ್ತದೆ. ನಾನು ಬಿಡಿಸಿ ಬರೆದದ್ದು ಹೀಗೆ:

"14ನೇ ತಾರೀಕು ಯಂತ್ರಗಳ ರಿಪೇರಿ ನಡೆಯುತ್ತದೆ. ಆ ದಿನ ಮೊದಲ ಶಿಫ್ಟ್ ಇಲ್ಲ. ಎಲ್ಲರೂ ಎರಡನೇ ಶಿಫ್ಟಿಗೆ ಬರಬೇಕು. ಬರದಿದ್ದರೆ ಆ ದಿನದ ಸಂಬಳ ಸಿಗುವುದಿಲ್ಲ."

ನಾಲ್ಕು ವಾಕ್ಯ, ನಾಲ್ಕು ಸಾಲು. ಒಂದೊಂದು ಸಾಲನ್ನು ಬೇರೆ ಬೇರೆಯಾಗಿ ಕೊಡಿ. 'ಪಾಳಿ' ತೆಗೆದು 'ಶಿಫ್ಟ್' ಹಾಕಿದ್ದೇಕೆ ಅಂದರೆ, ಒಡಿಶಾದವನಿಗೂ ಅಸ್ಸಾಮಿನವನಿಗೂ ಆ ಪದ ಹೇಗೂ ಗೊತ್ತು. ಮಾತಿನ ಕನ್ನಡವನ್ನೂ ಕೊಡಬೇಡಿ. 'ನಾಳೆ ನೀರ್ ಬರಲ್ವಂತೆ' ಅಂದರೆ ನಮಗೆ ಎಲ್ಲ ತಿಳಿಯುತ್ತದೆ, ಮಾಡೆಲ್ಲಿಗೆ ಆ 'ಅಲ್ಲ', 'ಅಂತೆ' ಎರಡೂ ಗೊಂದಲ. 'ನಾಳೆ ನೀರು ಬರುವುದಿಲ್ಲ' ಅಂತಲೇ ಬರೆಯಿರಿ.

ಅಂಕಿಗಳನ್ನು ಅಂಕಿಯಲ್ಲೇ ಬರೆಯಿರಿ. 'ಹತ್ತಕ್ಕಿಂತ ಜಾಸ್ತಿ ಜನ ಲಿಫ್ಟ್ ಹತ್ತಬೇಡಿ' ಅನ್ನುವ ವಾಕ್ಯವನ್ನು ಒಮ್ಮೆ ಕೊಟ್ಟು ನೋಡಿ, ನಗು ಬರುತ್ತದೆ. 'ಏಳು', 'ಏಳೂವರೆ', 'ಮುಕ್ಕಾಲು' ಎಲ್ಲಕ್ಕೂ ಇದೇ ಗತಿ. 7:30 ಅಂತ ಬರೆದರೆ ತಕರಾರಿಲ್ಲ.

'ನಾಡಿದ್ದು' ಬಗ್ಗೆ ಹೇಳಲೇಬೇಕು, ಯಾಕೆಂದರೆ ಅದರಲ್ಲಿ ತಪ್ಪು ನನ್ನದೇ. 'ನಾಡಿದ್ದು ಬೆಳಿಗ್ಗೆ ಉಚಿತ ಕಣ್ಣಿನ ತಪಾಸಣೆ' ಅಂತ ತಲೆಬರಹ ಇತ್ತು. ಹಿಂದಿಗೆ 'ಪರಸೋ' ಅಂತ ಬಂತು. ಅನುವಾದ ಸರಿಯೇ. ಆದರೆ ಹಿಂದಿಯಲ್ಲಿ ನಾಡಿದ್ದಿಗೂ ಮೊನ್ನೆಗೂ ಒಂದೇ ಪದ. ವಾಕ್ಯದಲ್ಲಿ ಕ್ರಿಯಾಪದ ಇದ್ದಿದ್ದರೆ ತಿಳಿಯುತ್ತಿತ್ತು, ತಲೆಬರಹದಲ್ಲಿ ಅದಿರಲಿಲ್ಲ. ಕೆಲವರು ಕ್ಯಾಂಪ್ ಆಗಿಹೋಯಿತು ಅಂದುಕೊಂಡು ಬರಲೇ ಇಲ್ಲ. ಅವತ್ತಿನಿಂದ ತಾರೀಕು, ವಾರ ಎರಡೂ ಇಲ್ಲದ ನೋಟಿಸನ್ನು ನಾನು ಮುಟ್ಟುವುದಿಲ್ಲ.

ಊರಿನ ಹೆಸರುಗಳದ್ದು ಇನ್ನೊಂದು ಕತೆ. ತುಮಕೂರು ರಸ್ತೆಯ 'ಎಂಟನೇ ಮೈಲಿ' ಎಲ್ಲರಿಗೂ ಗೊತ್ತು. 'ಬಸ್ ಎಂಟನೇ ಮೈಲಿಯಿಂದ ಹೊರಡುತ್ತದೆ' ಅಂದರೆ, ಎಂಟು ಮೈಲು ದೂರದಿಂದ ಅಂತ ಬಂದಿತ್ತು. ಇಂಥ ಹೆಸರಿನ ಜಾಗದಲ್ಲಿ ಒಂದು ಗುರುತು ಹಾಕಿ ಕೊಡುತ್ತೇನೆ, ಇಂಗ್ಲಿಷಿನ ಎಕ್ಸ್ ಅಕ್ಷರ, ಪಕ್ಕದಲ್ಲಿ 1, 2 ಅಂತ. ಅನುವಾದ ಆದ ಮೇಲೆ ಆಯಾ ಲಿಪಿಯಲ್ಲಿ ಹೆಸರು ತುಂಬುತ್ತೇನೆ. ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್ ಎಲ್ಲಕ್ಕೂ ಆರು ಲಿಪಿಗಳ ಒಂದು ಪಟ್ಟಿ ಮಾಡಿಟ್ಟಿದ್ದೇನೆ. ಕೆಲವೊಮ್ಮೆ ಮಾಡೆಲ್ ಆ ಗುರುತನ್ನೇ ನುಂಗಿಬಿಡುತ್ತದೆ, ಎಣಿಸಿ ನೋಡಿಕೊಳ್ಳಿ.

ಹಿಂದಿಗೆ ಹೋಗುವಾಗ ಮಾತ್ರ ಒಂದು ಎಚ್ಚರ. ನಮ್ಮ 'ಬರುತ್ತಾರೆ'ಗೆ ಗಂಡು ಹೆಣ್ಣು ಇಲ್ಲ. ಹಿಂದಿಗೆ ಅದು ಬೇಕೇ ಬೇಕು. ಲೇಡಿ ಡಾಕ್ಟರ್ ಬರುತ್ತಾರೆ ಅಂದರೂ ಕೆಲವೊಮ್ಮೆ ಗಂಡಸರ ಕ್ರಿಯಾಪದ ಬರುತ್ತದೆ. ಒಡಿಯಾ, ಬಂಗಾಳಿಗೆ ಈ ರಗಳೆ ಇಲ್ಲ. ಅವುಗಳ ಕ್ರಿಯಾಪದ ಗಂಡು ಹೆಣ್ಣಿಗೆ ಬದಲಾಗುವುದಿಲ್ಲ.

ತಿದ್ದುವುದಕ್ಕೆ ಎರಡು ಹಂತ ಇಟ್ಟುಕೊಂಡಿದ್ದೇನೆ. ಬಂದ ಒಡಿಯಾವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಓದುತ್ತೇನೆ. 'ಇಲ್ಲ' ಬಿಟ್ಟುಹೋಗಿದ್ದರೆ, ತಾರೀಕು ಬದಲಾಗಿದ್ದರೆ ಇಲ್ಲೇ ಸಿಗುತ್ತದೆ. ಆದರೆ ಹೋಗುವಾಗ ಮಾಡಿದ ತಪ್ಪನ್ನು ಬರುವಾಗ ಅದೇ ಮಾಡೆಲ್ ಮುಚ್ಚಿಹಾಕುವುದೂ ಉಂಟು. ಅದಕ್ಕೇ ಆ ಭಾಷೆಯವರೊಬ್ಬರಿಗೆ ಓದಿಸದೆ ಪ್ರಿಂಟ್ ತೆಗೆಯುವುದಿಲ್ಲ. ವಾಚ್‌ಮ್ಯಾನಿಗೆ ಒಂದು ಟೀ, ಎರಡು ಬನ್ನು. ಅಸ್ಸಾಮಿಗೆ ಪಕ್ಕದ ಬೀದಿಯ ಮೊಮೊ ಗಾಡಿಯ ಹುಡುಗ. ಅವರು ತಿದ್ದಿದ್ದನ್ನು ಒಂದು ಎಕ್ಸೆಲ್ ಶೀಟಿನಲ್ಲಿ ಸೇರಿಸುತ್ತಾ ಬನ್ನಿ. ನನ್ನ ಹತ್ತಿರ ಈಗ ನಾನೂರು ಸಾಲು ದಾಟಿದೆ. ಅರ್ಧ ನೋಟಿಸು ಅಲ್ಲೇ ರೆಡಿ ಸಿಗುತ್ತದೆ, ಮಾಡೆಲ್ ಓಡಿಸುವ ಪ್ರಮೇಯವೇ ಇಲ್ಲ.

ವಕೀಲರ ನೋಟಿಸು, ಔಷಧಿ ಚೀಟಿ, ಬಾಡಿಗೆ ಕರಾರು ಇವನ್ನು ತಗೊಳ್ಳಬೇಡಿ. ಎನ್‌ಎಲ್‌ಎಲ್‌ಬಿ ಮಾಡಿದವರೇ ಕಾನೂನು, ವೈದ್ಯಕೀಯ ಬರಹಕ್ಕೆ ಇದಲ್ಲ ಅಂತ ಬರೆದಿದ್ದಾರೆ. ನಾನು ಅದನ್ನು ಎಲ್ಲ ಚಿಕ್ಕ ಮಾಡೆಲ್ಲಿಗೂ ಅನ್ವಯಿಸಿಕೊಂಡಿದ್ದೇನೆ. ಗಿರಾಕಿ ಬೇಜಾರಾಗಿ ಹೋದರೂ ಪರವಾಗಿಲ್ಲ.

ಇನ್ನು ಪ್ರಿಂಟು. ಪೇಜ್‌ಮೇಕರಿಗೆ ಯೂನಿಕೋಡ್ ಒಡಿಯಾ ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ನಿಲ್ಲುತ್ತದೆ. ಲಿಬ್ರೆ ಆಫೀಸಿನಲ್ಲಿ ನೋಟೊ ಫಾಂಟ್ ಹಾಕಿ ಜೋಡಿಸಿ. ಫಾಂಟ್ ಗಾತ್ರ ಎಲ್ಲ ಭಾಷೆಗೂ ಒಂದೇ ಇಟ್ಟರೆ ಒಡಿಯಾದ ಒತ್ತಕ್ಷರ ಇರುಕಾಗಿ ಕಾಣುತ್ತದೆ. ನಾನು ಒಂದೆರಡು ಪಾಯಿಂಟ್ ಏರಿಸಿ, ಸಾಲಿನ ನಡುವೆ ಸ್ವಲ್ಪ ಜಾಗ ಬಿಡುತ್ತೇನೆ. ಪಿಡಿಎಫ್ ಮಾಡಿ ಒಂದು ಪ್ರತಿ ತೆಗೆದು, ಅದನ್ನು ಗೋಡೆಗೆ ಅಂಟಿಸಿ ಆರಡಿ ಹಿಂದೆ ನಿಂತು ನೋಡಿ. ಕಾರ್ಖಾನೆ ಗೇಟಿನಲ್ಲಿ ಪಂಚ್ ಮಾಡುವ ಸಾಲಿನಲ್ಲಿ ನಿಂತವರು ಅಷ್ಟು ದೂರದಿಂದಲೇ ಓದುವುದು.