ಹರೆಯದ ಮಕ್ಕಳ ಜೊತೆ ಮೊಂತಿ ಹಬ್ಬ, ಜಪಸರ, ನವೆಂಬರ್ 2

ಸೆಪ್ಟೆಂಬರ್ 8ಕ್ಕೆ ಶುರುವಾದರೆ ನವೆಂಬರ್ 2ರ ತನಕ ನಮ್ಮ ಮನೆಯಲ್ಲಿ ಒಂದಾದ ಮೇಲೊಂದು ಇದ್ದೇ ಇರುತ್ತದೆ. ಮೊದಲು ಮೊಂತಿ ಫೆಸ್ಟ್, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಮಂಗಳೂರು ಕಡೆಯ ಕಥೋಲಿಕರಾದ ನಮಗೆ ಅದೇ ತೆನೆ ಹಬ್ಬ, ಹೊಸ ಅಕ್ಕಿ ಊಟದ ಹಬ್ಬ. ಆಮೇಲೆ ಅಕ್ಟೋಬರ್ ಪೂರ್ತಿ ಜಪಸರ, ಅಂದರೆ ಮಣಿಸರ ಹಿಡಿದು ಮಾಡುವ ರೋಸರಿ ಪ್ರಾರ್ಥನೆ. ನವೆಂಬರ್ 1ಕ್ಕೆ ಸಂತರ ಹಬ್ಬ, ಮರುದಿನ ತೀರಿಕೊಂಡವರ ದಿನ. ಈಗ ಮಗಳು ಪಿಯುಸಿ, ಮಗ ಒಂಬತ್ತನೇ ಕ್ಲಾಸು. ಎಲ್ಲಿಗೆ ಕರೆದರೂ ಮೊದಲ ಪ್ರಶ್ನೆ "ಬರಲೇಬೇಕಾ?".

ಈ ವಯಸ್ಸಿನವರಿಗೆ ನಮ್ಮ ಹಬ್ಬಗಳಲ್ಲಿ ಮಾಡೋಕೆ ಏನೂ ಇಲ್ಲ, ಅದೇ ತೊಂದರೆ. ಆಗಸ್ಟ್ 30ರಿಂದ ಒಂಬತ್ತು ದಿನದ ಪ್ರಾರ್ಥನೆ, ನೊವೆನಾ, ನಡೆಯುತ್ತದಲ್ಲ, ಅಲ್ಲಿ ಬುಟ್ಟಿ ಹಿಡಿದು ಬಾಲ ಮರಿಯಮ್ಮನಿಗೆ ಹೂವು ಹಾಕುವುದು ಚಿಕ್ಕ ಮಕ್ಕಳು. ಹಬ್ಬದ ದಿನ ಕಬ್ಬು ಸಿಗುವುದೂ ಅವರಿಗೇ. ಅಡುಗೆ, ತೆನೆ, ಪ್ರಾರ್ಥನೆ ಎಲ್ಲ ದೊಡ್ಡವರದ್ದು. ನಡುವಿನವರು ಹಿಂದಿನ ಬೆಂಚಲ್ಲಿ ಫೋನ್ ನೋಡ್ತಾ ಕೂರದೆ ಇನ್ನೇನು ಮಾಡ್ತಾರೆ? ಹಾಗಾಗಿ ನಾನು ದೊಡ್ಡವರ ಕೆಲಸವನ್ನೇ ಅವರ ಕೈಗೆ ಕೊಟ್ಟೆ. ಸಹಾಯ ಮಾಡಿ ಅಂತಲ್ಲ, ಪೂರ್ತಿ ಅವರದೇ ಅಂತ.

ಮೊಂತಿ ಹಬ್ಬದ ಊಟದ ಲೆಕ್ಕ ಮಗಳದ್ದು. ಆ ದಿನ ಮೀನು, ಮಾಂಸ ಇಲ್ಲ. ಪದಾರ್ಥಗಳ ಸಂಖ್ಯೆ ಬೆಸ ಇರಬೇಕು, ಐದೋ ಏಳೋ ಒಂಬತ್ತೋ. ಬಾಳೆ ಎಲೆ ಊಟ. ದುಡ್ಡು ಅವಳ ಕೈಗೆ ಕೊಟ್ಟುಬಿಡುತ್ತೇನೆ. ಬೆಂಗಳೂರಲ್ಲಿ ಹರಿವೆ ದಂಟು ಸುಲಭ, ತೊಂಡೆಕಾಯಿ ಗೋಡಂಬಿ ಪಲ್ಯಕ್ಕೂ ತೊಂದರೆ ಇಲ್ಲ. ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಸಿಹಿ ಕಡುಬು ಪತ್ತೊಳಿಗೆ ಅರಿಶಿನದ ಎಲೆ ಹುಡುಕೋದೇ ಕಷ್ಟ. ಅದಕ್ಕೆ ಅವಳು ತಾನೇ ಫೋನ್ ಮಾಡಿ ಮಂಗಳೂರು ಸಾಮಾನಿನ ಅಂಗಡಿಯವರನ್ನು ಕೇಳಿ, ಮುಂಚೆಯೇ ತೆಗೆದಿಡಿಸಿಕೊಳ್ಳುತ್ತಾಳೆ. ವೊರ್ನ್, ಅಂದರೆ ಪಾಯಸ, ಮಾತ್ರ ಮಗನದ್ದು. ಹೆಸರುಬೇಳೆ ಬೇಯಿಸಿ, ಬೆಲ್ಲ ಹಾಕಿ, ಮೊದಲು ತೆಳ್ಳನೆಯ ತೆಂಗಿನ ಹಾಲು, ಇಳಿಸುವ ಮೊದಲು ಗಟ್ಟಿ ಹಾಲು. ಮಧ್ಯದಲ್ಲಿ ನಾನು ಬಾಯಿ ಹಾಕಬಾರದು ಅಂತ ಅವನ ಷರತ್ತು. ತಳ ಹಿಡಿದ ವಾಸನೆ ಬಂದರೂ ಸುಮ್ನಿರೋದು ಎಷ್ಟು ಕಷ್ಟ ಅಂತ ತಾಯಂದಿರಿಗೆ ಗೊತ್ತು.

ಚರ್ಚಲ್ಲಿ ಫಾದರ್ ಆಶೀರ್ವದಿಸಿ ಕೊಟ್ಟ ತೆನೆಯನ್ನು ಮನೆಯ ಹಿರಿಯರು, ಅಂದರೆ ನಮ್ಮತ್ತೆ, ಬಿಡಿಸಿ, ಕಾಳು ಪುಡಿ ಮಾಡಿ ಪಾಯಸಕ್ಕೆ ಸೇರಿಸಿ ಎಲ್ಲರಿಗೂ ಹಂಚುತ್ತಾರೆ. ಅದನ್ನು ನಾವು ಮುಟ್ಟಲ್ಲ, ಅದು ಅವರದೇ. ಆದರೆ ಅತ್ತೆ ಒಂದು ಹಳೆಯ ಪದ್ಧತಿ ಹೇಳಿದರು. ಮೊದಲೆಲ್ಲ ಮುಂಬೈಗೆ, ಗಲ್ಫಿಗೆ ಹೋದವರಿಗೆ ಕಾಗದದ ಜೊತೆ ಲಕೋಟೆಯಲ್ಲಿ ಒಂದೆರಡು ಕಾಳು ಕಳಿಸುತ್ತಿದ್ದರಂತೆ, ದೂರ ಇದ್ದರೂ ಹೊಸ ಅಕ್ಕಿ ಊಟದಲ್ಲಿ ಅವರಿಗೂ ಪಾಲು ಇರಲಿ ಅಂತ. ಮಗನಿಗೆ ಇದು ಬಹಳ ಹಿಡಿಸಿತು. ಪುಣೆಯಲ್ಲಿರುವ ಚಿಕ್ಕಪ್ಪನಿಗೆ ಈಗ ಅವನೇ ಅಂಚೆಗೆ ಹಾಕುತ್ತಾನೆ. ಸ್ಟಾಂಪ್ ಎಲ್ಲಿ ಅಂಟಿಸಬೇಕು ಅಂತ ಕೇಳಿದಾಗ ಅತ್ತೆ ನಕ್ಕಿದ್ದೇ ನಕ್ಕಿದ್ದು.

ಜಪಸರದ ವಿಷಯದಲ್ಲಿ ಇಷ್ಟು ಸಲೀಸಾಗಿ ಆಗಲಿಲ್ಲ. ಹತ್ತು ಸಲ 'ನಮೋ ಮರಿಯ' ಪ್ರಾರ್ಥನೆ ಹೇಳಿದರೆ ಒಂದು ಹತ್ತು; ಅಂಥ ಐದು ಹತ್ತುಗಳು, ಐವತ್ತು ನಮೋ ಮರಿಯ, ದಿನಾ. ಟ್ಯೂಷನ್ ಮುಗಿಸಿ ಬಂದ ಹುಡುಗಿಗೆ ತೂಕಡಿಕೆ. ವಾರದ ದಿನಗಳಲ್ಲಿ ಒಂದೇ ಹತ್ತು, ಭಾನುವಾರ ಪೂರ್ತಿ ಅಂತ ಒಪ್ಪಂದ ಮಾಡಿಕೊಂಡೆವು. ಯಾರ ಸಲುವಾಗಿ ಪ್ರಾರ್ಥನೆ ಅಂತ ಆ ದಿನ ನಡೆಸುವವರೇ ಹೇಳಬೇಕು. ಅಲ್ಲಿ ಕೆಲವು ಸಲ ನಮಗೆ ಗೊತ್ತೇ ಇಲ್ಲದ ಸಂಗತಿ ಹೊರಗೆ ಬರುತ್ತದೆ, ಯಾವುದೋ ಗೆಳತಿಯ ಅಪ್ಪನಿಗೆ ಕೆಲಸ ಹೋಗಿದೆ, ಇವಳಿಗೆ ಪರೀಕ್ಷೆಯ ಭಯ ಇದೆ, ಹೀಗೆ. ಎದುರು ಕೂರಿಸಿ ಕೇಳಿದ್ದರೆ ಖಂಡಿತ ಹೇಳುತ್ತಿರಲಿಲ್ಲ. ಅತ್ತೆಗೆ ಒಂದೇ ಹತ್ತು ಅನ್ನೋದು ಇನ್ನೂ ಸರಿ ಬಂದಿಲ್ಲ, ಉಳಿದ ನಾಲ್ಕನ್ನು ತಮ್ಮ ಕೋಣೆಯಲ್ಲಿ ಮುಗಿಸುತ್ತಾರೆ.

ಅಕ್ಟೋಬರ್ 12 ಕಾರ್ಲೊ ಅಕುಟಿಸ್ ಹಬ್ಬ. 2006ರಲ್ಲಿ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಆಗಿ 15ನೇ ವಯಸ್ಸಿಗೆ ತೀರಿಕೊಂಡ ಇಟಲಿಯ ಹುಡುಗ. ಪೋಪ್ 14ನೇ ಲಿಯೋ ಅವನನ್ನು ಸಂತ ಎಂದು ಘೋಷಿಸಿದ್ದು 2025ರ ಸೆಪ್ಟೆಂಬರ್ 7ಕ್ಕೆ, ಸರಿಯಾಗಿ ಮೊಂತಿ ಹಬ್ಬದ ಹಿಂದಿನ ದಿನ. ಜೀನ್ಸ್, ಶೂ ಹಾಕಿ ಮಲಗಿಸಿರುವ ಅವನ ದೇಹದ ಫೋಟೋ ಇಟಲಿಯ ಅಸ್ಸಿಸಿ ಊರಿಂದ ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂತು. ವಿಡಿಯೋ ಗೇಮ್ ಆಡುತ್ತಿದ್ದ, ವೆಬ್‌ಸೈಟ್ ಮಾಡಿದ್ದ ಸಂತ ಅಂದರೆ ಮಗನಿಗೆ ಕುತೂಹಲ. ವಾರಕ್ಕೆ ಒಂದೇ ಗಂಟೆ ಆಡುತ್ತಿದ್ದ ಅನ್ನೋದನ್ನು ನಾನು ಹೇಳಿದೆ, ಅದಕ್ಕೆ ಮಾತ್ರ ಉತ್ತರ ಬರಲಿಲ್ಲ.

ಇನ್ನು ಹ್ಯಾಲೋವೀನ್. ಅಕ್ಟೋಬರ್ 31ಕ್ಕೆ ಅಪಾರ್ಟ್‌ಮೆಂಟ್‌ನಲ್ಲಿ ಪಾರ್ಟಿ ಇರುತ್ತದೆ. ಕೆಲವು ಕಡೆ ಅದರ ಬದಲು ಮಕ್ಕಳಿಗೆ ಸಂತರ ವೇಷ ಹಾಕಿಸುತ್ತಾರೆ. ಪುಟ್ಟ ಮಕ್ಕಳಿಗೆ ಚೆಂದ, ಹದಿನಾರರ ಹುಡುಗಿಗೆ ತಲೆಗೆ ಮುಸುಕು ಹಾಕಿ ಮದರ್ ತೆರೇಸಾ ಆಗು ಅಂದರೆ ಕೇಳ್ತಾಳಾ? ನಾನು ತಡೆಯಲಿಲ್ಲ. ಹೋಗಲಿ, ಕಪ್ಪು ಲಿಪ್‌ಸ್ಟಿಕ್ ಹಚ್ಚಿಕೊಳ್ಳಲಿ. ಆದರೆ ಮರುದಿನ ಬೆಳಗ್ಗೆ ಚರ್ಚಿನ ಪೂಜೆ ತಪ್ಪಿಸುವಂತಿಲ್ಲ, 2ನೇ ತಾರೀಖು ಸಮಾಧಿಗೆ ಬರಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಸಮಾಧಿಯ ಹತ್ತಿರ ಹುಲ್ಲು ಕೀಳೋದು, ಕಲ್ಲು ತೊಳೆಯೋದು ಮಕ್ಕಳ ಪಾಲು. ಸೇವಂತಿಗೆ, ಮೇಣದಬತ್ತಿ ತರುವುದು ನನ್ನದು. ಮಾವನ ಸಮಾಧಿ ಮಾತ್ರ ಇಲ್ಲಿದೆ, ಉಳಿದವರೆಲ್ಲ ಊರಲ್ಲಿ. ಅವರ ಹೆಸರುಗಳನ್ನು ಮಗಳು ಅತ್ತೆಯನ್ನು ಕೇಳಿ ನೋಟ್‌ಬುಕ್ಕಲ್ಲಿ ಬರೆದಿದ್ದಾಳೆ, ಯಾರಿಗೆ ಯಾರು ಏನಾಗಬೇಕು ಅಂತ ಗೆರೆ ಎಳೆದು. ಒಬ್ಬರ ಬಗ್ಗೆ ಮಾತ್ರ ಅತ್ತೆಗೂ ನನ್ನ ಗಂಡನಿಗೂ ಒಮ್ಮತ ಇಲ್ಲ, ಅವರು ಮಾವನ ಸೋದರತ್ತೆಯೋ ಚಿಕ್ಕಮ್ಮನೋ ಅಂತ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಚರ್ಚಿನ ದಾಖಲೆ ಪುಸ್ತಕ ನೋಡಿಕೊಂಡು ಬರ್ತೀನಿ ಅಂತ ಮಗಳು ಈಗಾಗಲೇ ಹೇಳಿದ್ದಾಳೆ.